ಕಿವಿಯ ಹಾಲೆಯಷ್ಟು ಮೆತ್ತಗೆ

ಮೊನ್ನೆ ಭಾನುವಾರ ಮಾಡಿದ ಪಿದೆ, ಅಂದರೆ ತುರ್ಕಿಯವರ ದುಂಡನೆಯ ಬ್ರೆಡ್, ಕೊನೆಗೂ ಪಿದೆಯ ಹಾಗೇ ಬಂತು. ಮೇಲೆ ಕೆಂಪಗೆ, ಒಳಗೆ ಹತ್ತಿಯ ಹಾಗೆ, ಹರಿದರೆ ಎಳೆ ಎಳೆ. ಬುರ್ಸಾದಿಂದ ವಾಪಸ್ ಬಂದು ಆರು ವರ್ಷ ಆಯ್ತು. ಅಷ್ಟೂ ವರ್ಷ ಬೆಂಗಳೂರಿನ ಈ ಅಡುಗೆಮನೆಯಲ್ಲಿ ಸುಟ್ಟಿದ್ದೆಷ್ಟು, ಕಾಗೆಗೆ ಹಾಕಿದ್ದೆಷ್ಟು ಅಂತ ಲೆಕ್ಕ ಇಟ್ಟಿಲ್ಲ. ಇಟ್ಟಿದ್ದರೆ ನನ್ನ ಗಂಡ ಓವನ್ ಮಾರಿಬಿಡುತ್ತಿದ್ದರು.

ಮೊದಲಿಂದ ಹೇಳುತ್ತೇನೆ. 2017ರ ಅಕ್ಟೋಬರ್‌ನಲ್ಲಿ ನಾವು ತುರ್ಕಿಯ ಬುರ್ಸಾಗೆ ಹೋದೆವು. ಕಾರುಗಳು ತಯಾರಾಗುವ ಊರು ಅದು. ಗಂಡನಿಗೆ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಎರಡು ವರ್ಷದ ಕೆಲಸ. ಊರಿನ ಬೆನ್ನಿಗೆ ಉಲುದಾ ಬೆಟ್ಟ, ಚಳಿಗಾಲವೆಲ್ಲ ಅದರ ತಲೆ ಬೆಳ್ಳಗೆ. ನಾವಿದ್ದ ಭಾಗದ ಹೆಸರು ನಿಲುಫೆರ್. ಎಷ್ಟೋ ದಿನ ಆದಮೇಲೆ ಗೊತ್ತಾಯಿತು, ಅದು ನಮ್ಮ ನೀಲೋತ್ಪಲವೇ. ಸಂಸ್ಕೃತದಿಂದ ಪರ್ಶಿಯನ್‌ಗೆ, ಅಲ್ಲಿಂದ ತುರ್ಕಿಗೆ ಹೋಗಿ ನೈದಿಲೆ ಹೂವು ನಿಲುಫೆರ್ ಆಗಿದೆ. ಇಂಥ ನೆಂಟರು ಅಲ್ಲಿ ಬೇಕಾದಷ್ಟು. ಪನೀರ್‌ಗೆ ಪೆಯ್ನಿರ್, ಖೀಮಾಗೆ ಕಿಯ್ಮಾ, ಸಾಬೂನಿಗೆ ಸಾಬುನ್, ತವಾಗೆ ತವಾನೇ. ಭಾಷೆ ಬಾರದ ನನಗೆ ಅಂಗಡಿಯಲ್ಲಿ ಇವೇ ಊರುಗೋಲು. ಕಿಯ್ಮಾ ಅನ್ನುವ ಪದವಂತೂ ಬಹಳ ಉಪಕಾರ ಮಾಡಿತು. ನಾವು ಮಾಂಸ ತಿನ್ನುವವರಲ್ಲ. ಲಹ್ಮಜುನ್ ಎಂಬ ತೆಳು ರೊಟ್ಟಿ ಎಲ್ಲ ಕಡೆ ಸಿಗುತ್ತದೆ. ಅದರ ಮೇಲೆಲ್ಲ ಕಿಯ್ಮಾ. ಹಾಗಾಗಿ ಅದರ ಕಥೆ ನನ್ನ ಹತ್ತಿರ ಇಲ್ಲ.

ಮೊದಲ ತಿಂಗಳು ಹಟ ಹಿಡಿದು ಚಪಾತಿಯನ್ನೇ ಮಾಡಿದೆ. ಅಲ್ಲಿ ಸಿಗುವ ಹಿಟ್ಟು ಹೆಚ್ಚಾಗಿ ಬಿಳಿಯದು. ತವುಡು ಸಮೇತ ಬರುವ ಹಿಟ್ಟೂ ಇದೆ. ಆದರೆ ಅದು ನಮ್ಮ ಗಿರಣಿ ಹಿಟ್ಟಿನ ಹಾಗಲ್ಲ, ತರಿತರಿ. ಬೆಳಗ್ಗೆ ಮಾಡಿದ ಚಪಾತಿ ಮಧ್ಯಾಹ್ನಕ್ಕೆ ಚಪ್ಪಲಿ. ಗಂಡ ಡಬ್ಬಿ ವಾಪಸ್ ತಂದು, "ಅಲ್ಲೇ ಬ್ರೆಡ್ ಕೊಡ್ತಾರೆ ಬಿಡು" ಅಂದರು. ಅಲ್ಲಿ ಊಟದ ಜೊತೆ ಬುಟ್ಟಿ ತುಂಬ ಬ್ರೆಡ್ ಇಟ್ಟುಬಿಡುತ್ತಾರೆ, ಖಾಲಿಯಾದರೆ ಮತ್ತೆ ತರುತ್ತಾರೆ. ನಮ್ಮಲ್ಲಿ ಅನ್ನಕ್ಕೆ ಕೈ ಅಡ್ಡ ಹಿಡಿಯುವ ತನಕ ಬಡಿಸುತ್ತಾರಲ್ಲ, ಹಾಗೆ.

ನಮ್ಮ ಬೀದಿಯ ತಿರುವಿನಲ್ಲೇ ಒಂದು ಫಿರಿನ್ ಇತ್ತು. ಫಿರಿನ್ ಅಂದರೆ ಒಲೆಯೂ ಹೌದು, ಬೇಕರಿಯೂ ಹೌದು. 2018ರಲ್ಲಿ ರಂಜಾನ್ ಮೇ ತಿಂಗಳ ಮಧ್ಯದಲ್ಲಿ ಶುರುವಾಯಿತು. ಬೇಸಿಗೆಯ ಉದ್ದನೆಯ ಹಗಲು, ಉಪವಾಸ ಬಿಡುವ ಹೊತ್ತು ಎಂಟೂವರೆಯ ಆಸುಪಾಸು. ಏಳೂಮುಕ್ಕಾಲಿಗೆಲ್ಲ ಫಿರಿನ್ ಮುಂದೆ ಸಾಲು. ಏನಿದು ಅಂತ ನಾನೂ ಸುಮ್ನೆ ಹೋಗಿ ನಿಂತೆ. ನನ್ನ ಮುಂದೆ ಹತ್ತು ವರ್ಷದ ಒಬ್ಬ ಹುಡುಗ. ಎರಡೂ ಕೈಯಲ್ಲಿ ಒಂದೊಂದು ಮೊಟ್ಟೆ, ಕೋಳಿಮರಿ ಹಿಡಿದ ಹಾಗೆ ಹಿಡಿದಿದ್ದ. ಪಾಪ, ಅಂಗಡಿಯಿಂದ ಮನೆಗೆ ಹೋಗುವ ದಾರಿಯಲ್ಲಿ ಇಲ್ಲಿ ನಿಂತಿದ್ದಾನೆ ಅಂದುಕೊಂಡೆ. ಅವನ ಸರದಿ ಬಂದಾಗ ಮೊಟ್ಟೆ ಎರಡನ್ನೂ ಒಲೆಯವನಿಗೆ ಕೊಟ್ಟ. ಅವನು ಅಲ್ಲೇ ಒಡೆದು, ಕಲಕಿ, ಹಸಿ ಪಿದೆಯ ಮೇಲೆ ಬಳಿದು, ಉದ್ದನೆಯ ಮರದ ಹಲಗೆಯ ಮೇಲಿಟ್ಟು ಒಳಗೆ ತಳ್ಳಿದ. ಮೊಟ್ಟೆ ಬೇಕಾದರೆ ಮನೆಯಿಂದಲೇ ತರುವುದು ಅಲ್ಲಿನ ಹಳೆಯ ರೂಢಿ. ಕೆಲವು ಊರುಗಳಲ್ಲಿ ಮನೆಯಲ್ಲಿ ಹೂರಣವನ್ನೇ ತಯಾರಿಸಿ ಪಾತ್ರೆಯಲ್ಲಿ ತರುತ್ತಾರೆ. ಒಲೆಯವನು ಅದನ್ನು ತನ್ನ ಹಿಟ್ಟಿಗೆ ತುಂಬಿ ಬೇಯಿಸಿ ಕೊಡುತ್ತಾನೆ. ನಾವು ಚೀಲದಲ್ಲಿ ಜೋಳ ಹೊತ್ತು ಗಿರಣಿಗೆ ಹೋಗುತ್ತಿದ್ದೆವಲ್ಲ, ಅದೇ ಲೆಕ್ಕ.

ಆ ಪಿದೆ ದುಂಡಗೆ, ಊಟದ ತಟ್ಟೆಗಿಂತ ದೊಡ್ಡದು. ಅಂಚಿನಲ್ಲಿ ಒಂದು ಕಟ್ಟೆ, ಒಳಗೆಲ್ಲ ಬೆರಳಿನಿಂದ ಒತ್ತಿದ ಚೌಕ ಚೌಕ. ಮೇಲೆ ಎಳ್ಳು, ಕಪ್ಪು ಕಲೋಂಜಿ. ಬಿಸಿ ಪಿದೆಗೆ ಕಾಗದ ಸುತ್ತಿ ಕೊಟ್ಟರು. ಮನೆಗೆ ಇನ್ನೂರು ಹೆಜ್ಜೆ. ಬಾಗಿಲು ತೆಗೆಯುವ ಹೊತ್ತಿಗೆ ಕಾಲು ಭಾಗ ಇರಲಿಲ್ಲ. ಸಾಲಿನಲ್ಲಿದ್ದ ಉಪವಾಸದವರು ಅದೇ ಬಿಸಿ ಪಿದೆಯನ್ನು ಮುಟ್ಟದೆ ಮನೆವರೆಗೆ ಹೊತ್ತೊಯ್ಯುತ್ತಾರಲ್ಲ, ಅದನ್ನು ನೆನೆದು ನಾಚಿಕೆಯಾಯಿತು.

ರಂಜಾನ್ ಮುಗಿಯಿತು, ಈ ಪಿದೆಯೂ ಮುಗಿಯಿತು. ಫಿರಿನ್‌ನಲ್ಲಿ ಕೇಳಿದರೆ ನಕ್ಕರು. ಯುಗಾದಿ ಆದ ಮೇಲೆ ಬೇವುಬೆಲ್ಲ ಕೇಳಿದ ಹಾಗಿತ್ತೋ ಏನೋ. ಹಾಗಾಗಿ ಮನೆಯಲ್ಲೇ ಮಾಡೋಣ ಅಂತ ಹೊರಟೆ. ಮೊದಲನೆಯದು ಕಲ್ಲು. ಎರಡನೆಯದು ಬಿಸ್ಕತ್ತು. ಮೂರನೆಯದನ್ನು ಎತ್ತಿಕೊಂಡು ಕೆಳಗಿನ ಮನೆಯ ತೇಯ್ಜೆ ಹತ್ತಿರ ಹೋದೆ. ತೇಯ್ಜೆ ಅಂದರೆ ಚಿಕ್ಕಮ್ಮ, ದೊಡ್ಡಮ್ಮ. ವಯಸ್ಸಾದ ಹೆಂಗಸರಿಗೆಲ್ಲ ಅಲ್ಲಿ ತೇಯ್ಜೆ ಅಂತಲೇ ಕರೆಯುವುದು. ನಾನೂ ಹಾಗೇ ಕರೆಯುತ್ತಿದ್ದೆ.

ತೇಯ್ಜೆ ನನ್ನ ಬ್ರೆಡ್ಡನ್ನು ಮೇಜಿಗೆ ಕುಟ್ಟಿದರು. ಟಕ್ ಟಕ್ ಅಂತು. ಏನೂ ಅನ್ನಲಿಲ್ಲ. ಒಂದು ಚೂರು ಮುರಿಯಲು ಹೋದಾಗ ಅದು ಸಿಡಿದು ನೆಲಕ್ಕೆ ಬಿತ್ತು. ಬಗ್ಗಿ ಎತ್ತಿಕೊಂಡರು, ತುಟಿಗೆ ಒತ್ತಿ ಮುತ್ತಿಟ್ಟರು, ಹಣೆಗೆ ತಾಗಿಸಿದರು. ಆಮೇಲೆ ಹಕ್ಕಿಗಳಿಗೆ ಅಂತ ಕಿಟಕಿಯ ಹೊರಗಿಟ್ಟರು. ಪುಸ್ತಕಕ್ಕೆ ಕಾಲು ತಾಗಿದರೆ ನಾವು ಕಣ್ಣಿಗೊತ್ತಿಕೊಳ್ಳುತ್ತೇವಲ್ಲ, ಹಾಗೆ. ನನ್ನ ಕಲ್ಲಿಗೂ ಆ ಮರ್ಯಾದೆ ಸಿಕ್ಕಿತು. ಹಕ್ಕಿ ತಿಂದಿತೋ ಇಲ್ಲವೋ ನೋಡಲಿಲ್ಲ.

"ಮೊದಲು ಬಜ್ಲಮಾ ಕಲಿ" ಅಂದರು. ಅಂದರೆ, ಹಾಗೆ ಅಂದರು ಅಂತ ನನಗೆ ಅರ್ಥವಾಯಿತು. ನಮ್ಮಿಬ್ಬರ ನಡುವೆ ಭಾಷೆ ಕಡಿಮೆ, ಕೈಸನ್ನೆ ಜಾಸ್ತಿ.

ಬಜ್ಲಮಾ ಅಂದರೆ ಹಳ್ಳಿ ರೊಟ್ಟಿ. ಬೆರಳಿನಷ್ಟು ದಪ್ಪ, ಅಂಗೈಗಿಂತ ದೊಡ್ಡದು. ಓವನ್ ಬೇಡ, ಕಾವಲಿ ಸಾಕು. ಅಳತೆ ಕೇಳಿದೆ. ಒಂದು ನೀರಿನ ಲೋಟ, ಒಂದು ಚಹಾ ಲೋಟ ಅಂತ ಶುರು ಮಾಡಿದರು. ತುರ್ಕಿಯ ಅಡುಗೆ ಪುಸ್ತಕಗಳಲ್ಲೂ ಇದೇ ಅಳತೆ. ನೀರಿನ ಲೋಟ ಅಂದರೆ ಸುಮಾರು 200 ಮಿಲಿ, ಚಹಾ ಲೋಟ ಅಂದರೆ ಸುಮಾರು 100. ಸರಿ, ಹಿಟ್ಟು ಎಷ್ಟು? "ಆಲ್ದಿಯಿ ಕದರ್" ಅಂದರು. ಅದು ಎಷ್ಟು ಹಿಡಿಯುತ್ತದೋ ಅಷ್ಟು. ಇದೂ ಪುಸ್ತಕದಲ್ಲೇ ಬರೆದಿರುತ್ತದೆ! ಗದಗದಲ್ಲಿ ಕೂತ ನಮ್ಮಮ್ಮ ಫೋನಿನಲ್ಲಿ ಹೇಳುವ ಅಳತೆಯೂ ಇದೇ ಅಲ್ವಾ?

ಎಷ್ಟು ಮೆತ್ತಗಿರಬೇಕು ಅಂದೆ. ತೇಯ್ಜೆ ತಮ್ಮ ಕಿವಿಯ ಹಾಲೆ ಹಿಡಿದು ತೋರಿಸಿದರು. ನಾನು ಪೆದ್ದಿಯ ಹಾಗೆ ನೋಡುತ್ತಿದ್ದೆ. ಹಿಟ್ಟಿನ ಕೈಯಲ್ಲೇ ನನ್ನ ಕಿವಿ ಹಿಡಿದರು. ಹೆಬ್ಬೆರಳು ತೋರುಬೆರಳಲ್ಲಿ ಹಾಲೆಯನ್ನು ಮೆಲ್ಲಗೆ ಒತ್ತಿ, ಆಮೇಲೆ ಅದೇ ಬೆರಳಲ್ಲಿ ಹಿಟ್ಟನ್ನು ಒತ್ತಿದರು. "ಕುಲಾಕ್ ಮೆಮೆಸಿ." ಕಿವಿಯ ಹಾಲೆ. ನಾವು ಹದ ಅನ್ನುತ್ತೇವೆ, ಆದರೆ ಆ ಹದವನ್ನು ಎಲ್ಲಿ ಮುಟ್ಟಿ ನೋಡಬೇಕು ಅಂತ ಹೇಳುವುದಿಲ್ಲ. ಅವರು ತಲೆಗೇ ಕಟ್ಟಿಕೊಂಡು ತಿರುಗುತ್ತಾರೆ. ಅವತ್ತು ಒಂದು ಕಿವಿಯಲ್ಲಿ ಓಲೆ, ಓಲೆಯಲ್ಲಿ ಮೈದಾ ಇಟ್ಟುಕೊಂಡು ಮನೆಗೆ ಬಂದೆ.

ಲೋಟದ ಲೆಕ್ಕವನ್ನು ನಾನು ತಕ್ಕಡಿಗೆ ಇಳಿಸಿಕೊಂಡಿದ್ದೇನೆ. 500 ಗ್ರಾಂ ಹಿಟ್ಟು, 150 ಗ್ರಾಂ ಮೊಸರು, 200 ಮಿಲಿ ಉಗುರುಬೆಚ್ಚಗಿನ ನೀರು, ಎರಡು ಚಮಚ ಉಪ್ಪು, ಒಂದು ಚಮಚ ಸಕ್ಕರೆ, 7 ಗ್ರಾಂ ಒಣ ಯೀಸ್ಟ್. ಎಲ್ಲ ಕಲಸಿ, ಹತ್ತು ನಿಮಿಷ ನಾದಿ, ಮುಚ್ಚಿಡಬೇಕು. ಬುರ್ಸಾದ ಚಳಿಯಲ್ಲಿ ತೇಯ್ಜೆ ಪಾತ್ರೆಗೆ ಟವೆಲ್ ಸುತ್ತಿ, ಮನೆ ಬೆಚ್ಚಗಿಡುವ ಕೊಳವೆಯ ಪಕ್ಕ ಇಡುತ್ತಿದ್ದರು. ಉಬ್ಬಲು ಎರಡು ತಾಸು. ಇಲ್ಲಿ ಏಪ್ರಿಲ್‌ನಲ್ಲಿ ನಲವತ್ತು ನಿಮಿಷ ಸಾಕು, ಮರೆತರೆ ಮುಚ್ಚಳ ಎತ್ತಿಬಿಡುತ್ತದೆ. ಉಬ್ಬಿದ ಮೇಲೆ ಆರು ಉಂಡೆ. ಕಾಲು ಗಂಟೆ ಸುಮ್ಮನೆ ಬಿಟ್ಟು, ಕೈಯಿಂದಲೇ ತಟ್ಟಿ ಅಗಲ ಮಾಡುವುದು. ಎಣ್ಣೆ ಇಲ್ಲದ ದಪ್ಪ ಕಾವಲಿ, ಮಧ್ಯಮ ಉರಿ, ಒಂದೊಂದು ಬದಿ ಮೂರು ನಾಲ್ಕು ನಿಮಿಷ. ಆದ ತಕ್ಷಣ ಬಟ್ಟೆಯಲ್ಲಿ ಸುತ್ತಿಡಿ. ಇದನ್ನು ಮರೆತರೆ ಮತ್ತೆ ಟಕ್ ಟಕ್.

ನನ್ನ ರೋಗ ಏನು ಅಂತ ತೇಯ್ಜೆ ಎರಡೇ ದಿನದಲ್ಲಿ ಹಿಡಿದರು. ಹಿಟ್ಟು ಕೈಗೆ ಅಂಟಿದ ಕೂಡಲೇ ನನ್ನ ಎಡಗೈ ತಾನಾಗಿಯೇ ಒಣ ಹಿಟ್ಟಿನ ಡಬ್ಬಿಗೆ ಹೋಗುತ್ತದೆ. ಇಪ್ಪತ್ತು ವರ್ಷ ಚಪಾತಿ ಮಾಡಿದ ಕೈ ಅದು. ಅಂಟಿದರೆ ಹಿಟ್ಟು ಉದುರಿಸು ಅಂತ ಕಲಿತಿದೆ. ಚಪಾತಿಗೆ ಅದು ಸರಿ. ಪಿದೆಗೆ ಸರಿಯಲ್ಲ. ಪಿದೆಯ ಹಿಟ್ಟು ಕಿವಿಯ ಹಾಲೆಗಿಂತಲೂ ಮೆತ್ತಗೆ, ಅಂಟಲೇಬೇಕು. ಆ ನೀರೇ ಒಲೆಯಲ್ಲಿ ಆವಿಯಾಗಿ ಒಳಗೆ ತೂತು ತೂತು ಮಾಡುವುದು. ನಾನು ಹಾಕಿದ ಪ್ರತಿ ಹಿಡಿ ಒಣ ಹಿಟ್ಟೂ ಬಿಸ್ಕತ್ತಿನ ಕಡೆಗೆ ಒಂದು ಹೆಜ್ಜೆ. ಕೊನೆಗೆ ತೇಯ್ಜೆ ಡಬ್ಬಿಯನ್ನು ಎತ್ತಿ ಫ್ರಿಜ್ ಮೇಲಿಟ್ಟರು. ಅದರ ಬದಲು ಒಂದು ಬಟ್ಟಲು ನೀರು ಕೊಟ್ಟರು. ಅಂಟಿದರೆ ಕೈ ಒದ್ದೆ ಮಾಡಿಕೋ, ಅಷ್ಟೇ. ನಮ್ಮೂರಲ್ಲಿ ಜೋಳದ ರೊಟ್ಟಿ ಬಡಿಯುವಾಗ ನಾನು ಮಾಡುವುದೂ ಅದನ್ನೇ. ಆದರೆ ಗೋಧಿ ಅಂದಕೂಡಲೇ ಕೈಗೆ ಬೇರೆ ನೆನಪು.

ಜೋಳದ ವಿಷಯ ಬಂತಲ್ಲ, ಇದನ್ನು ಹೇಳಲೇಬೇಕು.

ಆ ವರ್ಷ ಸೆಪ್ಟೆಂಬರ್‌ನಲ್ಲಿ ತೇಯ್ಜೆ ನನ್ನನ್ನು ತಮ್ಮ ತಂಗಿಯ ಹಳ್ಳಿಗೆ ಕರೆದುಕೊಂಡು ಹೋದರು. ಉಲುದಾ ಬೆಟ್ಟದ ಆಚೆ ಬದಿ, ಕೆಲೆಸ್ ಕಡೆ. ಚಳಿಗಾಲಕ್ಕೆ ಯುಫ್ಕಾ ಮಾಡುವ ದಿನ ಅವತ್ತು. ಯುಫ್ಕಾ ಅಂದರೆ ಹಿಟ್ಟು, ನೀರು, ಉಪ್ಪು ಮಾತ್ರ. ಯೀಸ್ಟ್ ಇಲ್ಲ. ಕಾಗದದಷ್ಟು ತೆಳುವಾಗಿ ಲಟ್ಟಿಸಿ, ಬೇಯಿಸಿ, ಒಣಗಿಸಿ ಪೇರಿಸಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಬೇಕಾದಾಗ ನೀರು ಚಿಮುಕಿಸಿ ಬಟ್ಟೆಯಲ್ಲಿ ಸುತ್ತಿಟ್ಟರೆ ಮತ್ತೆ ಮೆತ್ತಗಾಗುತ್ತದೆ. ಮೆತ್ತನೆ ಮನಸ್ಸಿನವರಿಗೆ ತುರ್ಕಿ ಭಾಷೆಯಲ್ಲಿ ಯುಫ್ಕಾ ಎದೆಯವರು ಅನ್ನುತ್ತಾರೆ. ಅಷ್ಟು ತೆಳು, ಬೇಗ ಹರಿಯುತ್ತದೆ ಅಂತ.

ಅಂಗಳದಲ್ಲಿ ಏಳು ಜನ ಹೆಂಗಸರು. ಇವತ್ತು ಈ ಮನೆ, ನಾಳೆ ಪಕ್ಕದ ಮನೆ. ನಮ್ಮ ಕಡೆಯ ಮುಯ್ಯಿ ಆಳಿನ ಹಾಗೆ. ಅವರು ಅದಕ್ಕೆ ಇಮೆಜೆ ಅನ್ನುತ್ತಾರೆ. ಒಬ್ಬಾಕೆ ನಾದುತ್ತಾಳೆ, ಒಬ್ಬಾಕೆ ಉಂಡೆ ಮಾಡುತ್ತಾಳೆ, ಮೂವರು ಲಟ್ಟಿಸುತ್ತಾರೆ, ಒಬ್ಬಾಕೆ ಬೇಯಿಸುತ್ತಾಳೆ. ಒಲೆಯ ಮೇಲೆ ಬೋರಲು ಹಾಕಿದ ಬಾಣಲೆಯಂಥ ಕಬ್ಬಿಣದ ಸಾಜ್. ಕೆಳಗೆ ಕಟ್ಟಿಗೆ. ಲಟ್ಟಿಸುವ ಕೋಲಿಗೆ ಓಕ್ಲವಾ ಅಂತ ಹೆಸರು. ನಮ್ಮ ಲಟ್ಟಣಿಗೆಯ ಹಾಗೆ ಗುಂಡಗಲ್ಲ. ಹೆಬ್ಬೆರಳಿನಷ್ಟು ದಪ್ಪ, ತೋಳಿಗಿಂತ ಉದ್ದ, ಹಿಡಿ ಇಲ್ಲ. ಹಿಟ್ಟನ್ನು ಸ್ವಲ್ಪ ಅಗಲ ಮಾಡಿ, ಆ ಕೋಲಿಗೇ ಸುತ್ತಿಬಿಡುತ್ತಾರೆ. ಆಮೇಲೆ ಎರಡೂ ಅಂಗೈಯನ್ನು ಕೋಲಿನ ನಡುವೆ ಇಟ್ಟು, ಹಿಂದೆ ಮುಂದೆ ಉರುಳಿಸುತ್ತಾ ತುದಿಗಳ ಕಡೆಗೆ ಸರಿಸುತ್ತಾ ಹೋಗುತ್ತಾರೆ. ಟಪಟಪ ಸದ್ದು. ಬಿಚ್ಚಿದರೆ ಮೊದಲಿಗಿಂತ ದೊಡ್ಡದು. ತಿರುಗಿಸಿ ಮತ್ತೆ ಸುತ್ತು. ಐದಾರು ಸಲ ಆಗುವ ಹೊತ್ತಿಗೆ ಕೆಳಗಿನ ಹಲಗೆ ಕಾಣುತ್ತಿರುತ್ತದೆ. ಸಾಜ್ ಮೇಲೆ ಹಾಕಿದರೆ ಅರ್ಧ ನಿಮಿಷವೂ ಬೇಡ.

ನಾನು ಮೂರು ಪ್ರಯತ್ನ ಮಾಡಿದೆ. ಮೊದಲನೆಯದು ಕರ್ನಾಟಕದ ನಕ್ಷೆ, ಬೀದರ್ ಸಮೇತ. ಎರಡನೆಯದು ಕೋಲಿಗೇ ಅಂಟಿತು. ಮೂರನೆಯದು ನಡುವೆ ಹರಿಯಿತು. ನನ್ನನ್ನು ಮೆಲ್ಲಗೆ ಎಬ್ಬಿಸಿ, ಬೆಂದದ್ದನ್ನು ಪೇರಿಸುವ ಕೆಲಸಕ್ಕೆ ಹಾಕಿದರು. ಸಂಜೆಯ ತನಕ ಪೇರಿಸಿದೆ. ಇನ್ನೂರರ ಹತ್ತಿರ ಆಗಿತ್ತು. ಮಧ್ಯಾಹ್ನದ ಊಟಕ್ಕೆ ಕೆಲವು ಹಸಿ ಯುಫ್ಕಾಗಳ ಒಳಗೆ ಪಾಲಕ್, ಬಿಳಿ ಚೀಸ್ ಇಟ್ಟು, ಮಡಚಿ, ಸಾಜ್ ಮೇಲೆ ಬೆಣ್ಣೆ ಸವರಿ ಬೇಯಿಸಿದರು. ಅದು ಗೊಜ್ಲೆಮೆ. ಬುರ್ಸಾದ ಹತ್ತಿರ ಜುಮಾಲಿಕಿಜಿಕ್ ಅಂತ ಹಳೆಯ ಒಟ್ಟೋಮನ್ ಹಳ್ಳಿ ಇದೆ, 2014ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು. ಅಲ್ಲಿಗೆ ಹೋದ ಪ್ರವಾಸಿಗರೆಲ್ಲ ಗೊಜ್ಲೆಮೆ ತಿಂದು ಬರುತ್ತಾರೆ. ನಾನೂ ತಿಂದಿದ್ದೇನೆ. ಈ ಅಂಗಳದ್ದಕ್ಕೆ ಅದು ಸಮ ಇಲ್ಲ.

ಒಣಗಿದ ಯುಫ್ಕಾ ರಾಶಿ ನೋಡುತ್ತಾ ನನಗೆ ಒಂದೇ ನೆನಪು: ಖಡಕ್ ರೊಟ್ಟಿ. ಅಮ್ಮ ಬಿಳಿ ಬಟ್ಟೆಯಲ್ಲಿ ಕಟ್ಟಿಟ್ಟ ಖಡಕ್ ರೊಟ್ಟಿ. ಜಾತ್ರೆಗೆ, ಪ್ರಯಾಣಕ್ಕೆ, ಹೊಲಕ್ಕೆ. ಮನೆಗೆ ಬಂದವಳೇ ಡಬ್ಬಿಯಲ್ಲಿ ಉಳಿದಿದ್ದ ಕೊನೆಯ ನಾಲ್ಕು ರೊಟ್ಟಿ, ಶೇಂಗಾ ಚಟ್ನಿ ತೇಯ್ಜೆಗೆ ಕೊಟ್ಟೆ. ಕಟುಂ ಅಂತ ಕಡಿದರು. ಬೆಳಕಿಗೆ ಹಿಡಿದು ನೋಡಿದರು. ಇದು ನಮ್ಮ ಯುಫ್ಕಾನೇ, ಪುಟ್ಟದು ಮಾಡಿದ್ದೀರಿ ಅಂದರು. ಹೇಗೆ ಮಾಡುವುದು ಅಂತ ಕೇಳಿದರು. ನನ್ನ ಹತ್ತಿರ ಊರಿನಿಂದ ತಂದ ಎರಡು ಕಿಲೋ ಜೋಳದ ಹಿಟ್ಟಿತ್ತು.

ಕುದಿಯುವ ನೀರು ಹಾಕಿ ನಾದಿದೆ. ತೇಯ್ಜೆ ಓಕ್ಲವಾ ತೆಗೆದುಕೊಂಡು, ನಾನು ತಡೆಯುವ ಮೊದಲೇ, ಹಿಟ್ಟನ್ನು ಕೋಲಿಗೆ ಸುತ್ತಲು ಹೋದರು. ಅಂಚು ಬಿರುಕು ಬಿಟ್ಟಿತು. ಇನ್ನೊಮ್ಮೆ ಒತ್ತಿದರು. ಮೂರು ತುಂಡು. ನಲವತ್ತು ವರ್ಷ ಲಟ್ಟಿಸಿದ ಕೈ ಅದು, ಪೆಚ್ಚಾಗಿ ನನ್ನನ್ನು ನೋಡಿತು. ಗೋಧಿಯಲ್ಲಿ ರಬ್ಬರಿನಂಥ ಎಳೆ ಇದೆ, ಎಳೆದ ಹಾಗೆ ಬರುತ್ತದೆ. ಜೋಳದಲ್ಲಿ ಅದು ಇಲ್ಲವೇ ಇಲ್ಲ. ಬಿಸಿನೀರಿಗೆ ಬೆಂದ ಹಿಟ್ಟಿನ ಜಿಗುಟೊಂದೇ ಅದನ್ನು ಹಿಡಿದಿಟ್ಟಿರುವುದು. ಎಳೆಯಬಾರದು, ಬಡಿಯಬೇಕು. ನಾನು ಕೋಲು ಪಕ್ಕಕ್ಕಿಟ್ಟು, ಹಿಟ್ಟು ಉದುರಿಸಿ, ಪಟಪಟ ಬಡಿದು ತಿರುಗಿಸುತ್ತಾ ಹೋದೆ. ಅಮ್ಮನ ರೊಟ್ಟಿಯ ಅರ್ಧದಷ್ಟೂ ತೆಳು ಇರಲಿಲ್ಲ, ನಿಜ ಹೇಳುತ್ತೇನೆ. ಆದರೆ ತೇಯ್ಜೆ ಕುರ್ಚಿ ಎಳೆದುಕೊಂಡು ಕೂತು ನೋಡಿದರು. "ಎಲಿನೆ ಸಾಲಿಕ್" ಅಂದರು. ನಿನ್ನ ಕೈಗೆ ಆರೋಗ್ಯ ಇರಲಿ ಅಂತ. ಅಡುಗೆ ಮಾಡಿದವರಿಗೆ ಅಲ್ಲಿ ಹೀಗೆ ಹೇಳುತ್ತಾರೆ. ಒಂದು ವರ್ಷದಲ್ಲಿ ನನಗೆ ಸಿಕ್ಕ ಮೊದಲ ಎಲಿನೆ ಸಾಲಿಕ್ ಅದು.

ಯುಫ್ಕಾ, ಲವಾಶ್‌ನಂಥ ತೆಳು ರೊಟ್ಟಿಗಳನ್ನು ಮಾಡಿ ಹಂಚಿಕೊಳ್ಳುವ ಪದ್ಧತಿಯನ್ನು ಯುನೆಸ್ಕೋ 2016ರಲ್ಲಿ ತನ್ನ ಪರಂಪರೆ ಪಟ್ಟಿಗೆ ಸೇರಿಸಿದೆ. ತುರ್ಕಿ, ಇರಾನ್, ಅಜರ್‌ಬೈಜಾನ್, ಕಜಕಿಸ್ತಾನ, ಕಿರ್ಗಿಸ್ತಾನ, ಐದು ದೇಶ ಸೇರಿ ಅರ್ಜಿ ಹಾಕಿದ್ದವಂತೆ. ನಮ್ಮಮ್ಮನಿಗೆ ಹೇಳಿದೆ. "ನಮ್ಮ ರೊಟ್ಟಿಗೆ ಯಾರ ಸಹಿ ಬೇಕವಾ?" ಅಂದಳು.

2019ರಲ್ಲಿ ವಾಪಸ್ ಬಂದೆವು. ಸೂಟ್‌ಕೇಸಿನಲ್ಲಿ ಒಂದು ಓಕ್ಲವಾ ಓರೆಯಾಗಿ ಮಲಗಿ ಬಂತು. ಅದರಲ್ಲಿ ಈಗ ಪರದೆ ನೇತುಹಾಕಿದ್ದೇವೆ. ಯುಫ್ಕಾ ನನ್ನ ಕೈಗೆ ಬರಲಿಲ್ಲ, ಬಿಟ್ಟೆ. ಬಜ್ಲಮಾ ಮಾತ್ರ ನಾವು ಬಂದ ಮೊದಲ ವಾರವೇ ಸರಿಹೋಯಿತು. ಮೈದಾ ಒಂದೇ ಹಾಕಿದರೆ ಸಪ್ಪೆ ಅಂತ 350 ಗ್ರಾಂ ಮೈದಾ, 150 ಗ್ರಾಂ ಗೋಧಿ ಹಿಟ್ಟು ಹಾಕುತ್ತೇನೆ. ನಮ್ಮ ಗಿರಣಿಯ ಹಿಟ್ಟು ಕಲ್ಲಿನ ನಡುವೆ ಚೆನ್ನಾಗಿ ನುರಿದಿರುತ್ತದೆ, ನೀರು ಜಾಸ್ತಿ ಕುಡಿಯುತ್ತದೆ. ಎರಡು ಮೂರು ಚಮಚ ನೀರು ಹೆಚ್ಚಿಗೆ ಬೇಕು. ಕಿವಿ ಮುಟ್ಟಿ ನೋಡಿಕೊಳ್ಳಿ.

ಸತಾಯಿಸಿದ್ದು ಪಿದೆ. ಕಲೋಂಜಿಯಿಂದಲೇ ಶುರು. ಅಂಗಡಿಯಲ್ಲಿ ಕರಿ ಜೀರಿಗೆ ಅಂತ ಕೇಳಿದೆ, ಶಾಹಿ ಜೀರಿಗೆ ಕೊಟ್ಟರು. ಪಿದೆ ಪಲಾವಿನ ಹಾಗೆ ಘಮಘಮ ಅಂತು. ಈರುಳ್ಳಿ ಬೀಜ ಅಂತ ಕೇಳಿ ಅಂದರು ಪಕ್ಕದವರು. ಕಲೋಂಜಿಗೂ ಈರುಳ್ಳಿಗೂ ಸಂಬಂಧವೇ ಇಲ್ಲ, ಆದರೆ ಆ ಹೆಸರಿಗೆ ಸಿಕ್ಕಿತು.

ಆಮೇಲೆ ಓವನ್. ಗುಂಡಿಯ ಮೇಲೆ 250 ಅಂತ ಬರೆದಿದೆ. ನಾಲ್ಕು ವರ್ಷ ನಂಬಿದೆ. ಹೋದ ವರ್ಷ ಥರ್ಮಾಮೀಟರ್ ತಂದು ಒಳಗಿಟ್ಟರೆ 205ಕ್ಕೆ ನಿಂತುಬಿಟ್ಟಿತು. ಫಿರಿನ್‌ನ ಕಲ್ಲಿನ ಒಲೆ 300 ಡಿಗ್ರಿ ದಾಟಿರುತ್ತದೆ, ಪಿದೆ ಕೆಲವೇ ನಿಮಿಷದಲ್ಲಿ ಆಚೆ. ನನ್ನದು ಇಪ್ಪತ್ತೈದು ನಿಮಿಷ ಕೂತು ಒಣಗುತ್ತಿತ್ತು. ಕೆಂಪಾಗುವ ಹೊತ್ತಿಗೆ ಒಳಗಿನ ನೀರೆಲ್ಲ ಹೋಗಿರುತ್ತದೆ. ಹಿಟ್ಟಿನ ತಪ್ಪು ಅಂತ ಇಷ್ಟು ವರ್ಷ ನನ್ನ ಕೈಯನ್ನು ಬೈದುಕೊಂಡಿದ್ದೆ!

ದೋಸೆಯ ಬೀಡು ಕಾವಲಿ ದಾರಿ ತೋರಿಸಿತು. ಹಿಡಿ ಇಲ್ಲದ, ಹಳೆಯ, ಭಾರದ ಕಾವಲಿ. ಅದನ್ನು ಮೊದಲು ಗ್ಯಾಸಿನ ಮೇಲೆ ಹೊಗೆಯಾಡುವ ತನಕ ಕಾಯಿಸಿ, ಮುಕ್ಕಾಲು ತಾಸು ಮೊದಲೇ ಹಚ್ಚಿಟ್ಟ ಓವನ್ ಒಳಗೆ ಇಳಿಸುತ್ತೇನೆ. ಅದರ ಮೇಲೆ ಪಿದೆ. ತಳದಿಂದ ಶಾಖ ಒಮ್ಮೆಲೇ ಹತ್ತುತ್ತದೆ, ಹಿಟ್ಟು ಹೌಹಾರಿ ಉಬ್ಬುತ್ತದೆ. ಹನ್ನೊಂದು ನಿಮಿಷ. ಹಿಟ್ಟಿನ ಲೆಕ್ಕ ಹೀಗೆ: 500 ಗ್ರಾಂ ಮೈದಾ, 325 ಮಿಲಿ ನೀರು, ಅರ್ಧ ಚಮಚ ಯೀಸ್ಟ್, ಎರಡು ಚಮಚ ಉಪ್ಪು, ಎರಡು ಚಮಚ ಎಣ್ಣೆ. ಬುರ್ಸಾದ ಹಿಟ್ಟು 350 ಮಿಲಿ ಹಿಡಿಯುತ್ತಿತ್ತು, ನಮ್ಮ ಮೈದಾಗೆ ಅಷ್ಟು ತಾಕತ್ತಿಲ್ಲ. ರಾತ್ರಿ ಕಲಸಿ ಫ್ರಿಜ್‌ನಲ್ಲಿಟ್ಟು ಬೆಳಗ್ಗೆ ಎರಡು ಭಾಗ ಮಾಡಿ. ಮೊಟ್ಟೆ ನಮ್ಮ ಮನೆಗೆ ಬರುವುದಿಲ್ಲ. ಒಂದು ಚಮಚ ಹಿಟ್ಟನ್ನು ನೀರಿನಲ್ಲಿ ಗಂಜಿ ಕಾಯಿಸಿ, ಮೊಸರು ಬೆರೆಸಿ, ಅದರಲ್ಲಿ ಬೆರಳದ್ದಿ ಒತ್ತುತ್ತೇನೆ. ಅಂಗೈಯ ಅಂಚಿನಿಂದ ಸುತ್ತ ಒಂದು ಕಟ್ಟೆ. ಆಮೇಲೆ ನಾಲ್ಕು ಬೆರಳು ಸಾಲಾಗಿ, ತಳ ಮುಟ್ಟುವ ಹಾಗೆ, ಹೆದರದೆ. ತಿರುಗಿಸಿ ಅಡ್ಡಕ್ಕೂ ಹಾಗೇ. ಎಳ್ಳು, ಕಲೋಂಜಿ.

ಭಾನುವಾರ ಅಮ್ಮನೂ ಇಲ್ಲೇ ಇದ್ದಳು. ಪಿದೆ ಮೂರು ತುಂಡು ತಿಂದಳು. ಜೊತೆಗೆ ಮಾಡಿದ್ದ ಬಜ್ಲಮಾಗೆ ಮೊಸರು, ಶೇಂಗಾ ಚಟ್ನಿ ಹಚ್ಚಿಕೊಂಡು ಒಂದು ತುತ್ತು ಅಗಿದು, "ಚಲೋ ಐತಿ. ಆದ್ರ ಭಾಳ ದಪ್ಪ. ಇದನ್ನ ಒಣಗಿಸಿ ಇಡಾಕ ಬರತೈತೇನು?" ಅಂದಳು. ಬರುವುದಿಲ್ಲ ಅಂದೆ. ಬುಧವಾರ ಆಫೀಸಿನಿಂದ ಬರುವ ಹೊತ್ತಿಗೆ ಉಳಿದಿದ್ದ ನಾಲ್ಕು ಬಜ್ಲಮಾವನ್ನು ಬಿಸಿಲಿಗೆ ಒಣಗಿಸಿ, ಕುಟ್ಟಿ, ತರಿ ಮಾಡಿ, ಬೆಲ್ಲ, ಒಣಕೊಬ್ಬರಿ, ಗಸಗಸೆ, ಏಲಕ್ಕಿ ಹಾಕಿ ಮಾದಲಿ ಮಾಡಿಟ್ಟಿದ್ದಳು. ಸ್ವಲ್ಪ ಹುಳಿ ಇತ್ತು. ಹಾಲು, ತುಪ್ಪ ಹಾಕಿಕೊಂಡರೆ ಗೊತ್ತಾಗಲಿಲ್ಲ.

ಫೋಟೋ ತೆಗೆದು ತೇಯ್ಜೆಗೆ ಕಳಿಸಿದೆ. "ಬಜ್ಲಮಾ ಎಲ್ಲಿ?" ಅಂತ ಕೇಳಿದ್ದಾರೆ. ಇನ್ನೂ ಉತ್ತರ ಕೊಟ್ಟಿಲ್ಲ.